ನೆಲ್ಲಿಮರದ ಏರಿಗೆ ನಾಲ್ಕು ಸೈಕಲ್

2004ನೇ ಇಸವಿ ಜೂನ್ ಆರು, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಹನಗೋಡಿನ ಕಡೆಯ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು ಮಾದೇಶ್ ನೆಲ್ಲಿಮರದ ಏರಿನ ಬುಡದಲ್ಲಿ ಸೈಕಲ್ ಹಿಡಿದು ನಿಂತಿದ್ದ. ಹತ್ತು ಗಂಟೆಯ ಬಸ್ಸಿಗೆ ಅವನು ಊರು ಬಿಡಬೇಕು. ಮಾರನೆಯ ದಿನ ಮಿರ್ಲೆಯಲ್ಲಿ ಕೆಲಸಕ್ಕೆ ಹಾಜರಾಗಬೇಕು. ಹೆಂಡತಿ ಬೃಂದಾ ಅಲ್ಲೇ ಪ್ರೈಮರಿ ಶಾಲೆಯ ಟೀಚರು. ಮೂರು ವರ್ಷ ಅವಳಲ್ಲಿ, ಇವನಿಲ್ಲಿ ಎಂದು ಕಳೆದು, ಇಬ್ಬರೂ ಅರ್ಜಿಯ ಮೇಲೆ ಅರ್ಜಿ ಹಾಕಿ ತರಿಸಿಕೊಂಡ ವರ್ಗ ಇದು. ಬೇಡ ಎನ್ನುವ ಮಾತೇ ಇರಲಿಲ್ಲ. ಆದರೆ ಮಿರ್ಲೆ ಎಂದರೆ ನಾಲೆ, ಗದ್ದೆ, ತೆಂಗು. ನೀರು ಹರಿಯಲೆಂದು ಹದ ಮಾಡಿದ ನೆಲ. ಅಲ್ಲಿ ಏರು ಎಂದರೆ ನಾಲೆಯ ಮೇಲಿನ ಮೋರಿ, ಅಷ್ಟೆ.

ನೆಲ್ಲಿಮರದ ಏರನ್ನು ಕಾಲೂರದೆ ಹತ್ತಬೇಕೆಂದು ಅವನು ಹನ್ನೊಂದು ವರ್ಷದಿಂದ ಒದ್ದಾಡುತ್ತಿದ್ದ. ಊರಿನವರೆಲ್ಲ ಅಲ್ಲಿ ಇಳಿದು ಸೈಕಲ್ ತಳ್ಳುತ್ತಿದ್ದರು. ತಳ್ಳುವುದರಲ್ಲಿ ಯಾರಿಗೂ ಅವಮಾನ ಕಂಡಿರಲಿಲ್ಲ. ಇವನೊಬ್ಬನಿಗೆ ಮಾತ್ರ ಅದು ಕಾಲಿಗೆ ಚುಚ್ಚಿದ ಮುಳ್ಳು. ಉತ್ತರ ಪತ್ರಿಕೆ ತಿದ್ದುವಾಗಲೂ ಮೇಜಿನ ಕೆಳಗೆ ಪಾದಗಳು ಇಲ್ಲದ ಪೆಡಲನ್ನು ತುಳಿಯುತ್ತಿದ್ದವು.

ಮೊದಲನೆಯ ಸೈಕಲ್ ತೊಂಬತ್ತಮೂರರಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿ, ಹುಣಸೂರಿನಲ್ಲಿ ಕೊಂಡದ್ದು. ನೇರ ಹ್ಯಾಂಡಲ್ಲು, ದಪ್ಪ ಟೈರು, ಗೇರಿಲ್ಲ. ಅದು ಎಪ್ಪತ್ತೊಂದನೇ ಮೀಟರಿನಲ್ಲಿ ಉಸಿರು ಬಿಟ್ಟಿತು. ಅಳೆದು ಗೊತ್ತಾದದ್ದು. ಸೋತ ಮರುದಿನವೇ ಅವನು ಟೇಪು ಹಿಡಿದು ಏರಿನ ಉದ್ದ ನೂರ ಎಂಬತ್ತಾರು ಮೀಟರ್ ಎಂದು ಬರೆದುಕೊಂಡಿದ್ದ. ನೀರು ತುಂಬಿದ ಪ್ಲಾಸ್ಟಿಕ್ ಪೈಪಿನಲ್ಲಿ ಮಟ್ಟ ನೋಡಿ ಇಪ್ಪತ್ತೊಂದು ಮೀಟರ್ ಎತ್ತರ ಎಂದೂ ಬರೆದಿದ್ದ. ಕೆಲಸ ಸಿಕ್ಕ ವರ್ಷ ಐದು ಗೇರಿನದು ಬಂತು. ಗೇರು ಬಿಗಿಸಲು ಹೋದರೆ ಹುಣಸೂರಿನ ಶಾಪಿನವನು, ಈ ತರಲೆಯನ್ನೆಲ್ಲ ಕಿತ್ತುಹಾಕಿ ಚೈನು ನೇರ ಮಾಡಿಕೊಡಲೇ ಎಂದು ಕೇಳಿದ್ದ. ನೂರ ನಾಲ್ಕು ಮೀಟರ್.

ಮೂರನೆಯದರ ಸುದ್ದಿ ಎತ್ತದಿರುವುದೇ ವಾಸಿ. ಹದಿನೆಂಟು ಗೇರು, ಮುಂದೊಂದು ಸ್ಪ್ರಿಂಗು, ನಡುವೊಂದು ಸ್ಪ್ರಿಂಗು. ತುಳಿದ ಬಲದಲ್ಲಿ ಅರ್ಧವನ್ನು ಸ್ಪ್ರಿಂಗುಗಳೇ ನುಂಗಿ, ತೊಂಬತ್ತೆಂಟಕ್ಕೇ ಕೂರಿಸಿತು. ವರ್ಷ ತುಂಬುವ ಮೊದಲೇ ಕೋಟೆ ಕಾಲೇಜಿನ ಲೆಕ್ಚರರೊಬ್ಬರ ಮಗನಿಗೆ ದಾಟಿಸಿದ. ನಾಲ್ಕನೆಯದು ಪಿರಿಯಾಪಟ್ಟಣದಾಚೆಯ ಬೈಲುಕುಪ್ಪೆಯಲ್ಲಿ ಸಿಕ್ಕಿತು. ಯಾರೋ ಪರದೇಶದವನು ಊರಿಗೆ ಹೋಗುವಾಗ ಮಾರಿದ್ದ ಅಲ್ಯೂಮಿನಿಯಂ ಸೈಕಲ್ಲು. ಎರಡು ಬೆರಳಲ್ಲಿ ಎತ್ತಬಹುದು ಎನ್ನುವ ಹಾಗಿತ್ತು. ಅದರಲ್ಲೂ ಇನ್ನಷ್ಟು ತೂಕ ಇಳಿಸಲು ಮಡ್‌ಗಾರ್ಡು, ಸ್ಟ್ಯಾಂಡು, ಬೆಲ್ಲು ಎಲ್ಲ ಬಿಚ್ಚಿದ. ತಾಯಿ ಪುಟ್ಟಸಿದ್ದಮ್ಮ ಅದನ್ನು ಸುತ್ತಲೂ ನೋಡಿ, "ಸೈಕಲ್ಲಲ್ಲ ಕಣೋ ಇದು. ಸೈಕಲ್ ಸತ್ತ ಮ್ಯಾಲೆ ಉಳಿದಿರೋ ಮೂಳೆ" ಅಂದಿದ್ದಳು.

ಆ ಮೂಳೆ ನೂರ ಐವತ್ತೆರಡರವರೆಗೆ ಹೋಯಿತು. ಅಲ್ಲಿಂದ ಮುಂದಕ್ಕೆ ಹನ್ನೊಂದು ಸಲ ಪ್ರಯತ್ನಿಸಿದರೂ ಒಂದು ಅಡಿ ಹೆಚ್ಚಲಿಲ್ಲ. ಆ ಜಾಗದಲ್ಲಿ ಗರಸು ಸಡಿಲ. ಹಿಂದಿನ ಚಕ್ರ ಇದ್ದಲ್ಲೇ ತಿರುಗಿ, ಕಲ್ಲು ಉಗುಳಿ ನಿಲ್ಲುತ್ತಿತ್ತು. ಈ ಬೆಳಿಗ್ಗೆಯೂ ಎರಡು ಸಲ ಹಾಗೆಯೇ ಆಯಿತು. ಇನ್ನೂ ಹಗುರವಾದ ಸೈಕಲ್ ಎಲ್ಲಿ ಸಿಕ್ಕೀತು ಎಂದು ಮನಸ್ಸು ಆಗಲೇ ಐದನೆಯದಕ್ಕೆ ಹಾರಿತ್ತು. ಆದರೆ ಐದನೆಯದು ಬರುವ ಹೊತ್ತಿಗೆ ಈ ಏರು ಇವನ ಪಾಲಿಗೆ ಇರುವುದಿಲ್ಲ.

ಅಷ್ಟರಲ್ಲಿ ದೊಡ್ಡಮಾದಯ್ಯನ ಗಾಡಿ ಬಂತು. ಮೇಲಿನ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದ ಮುದುಕ, ಮಾದೇಶನನ್ನು ಎಳವೆಯಿಂದ ಬಲ್ಲವನು. ಗಾಡಿಯನ್ನು ಏರಿನ ಮೇಲಿನ ತಲೆದಿಣ್ಣೆ ಮುಟ್ಟಿಸಿ, ಎತ್ತುಗಳಿಗೆ ಸುಧಾರಿಸಿಕೊಳ್ಳಲು ಬಿಟ್ಟು, ಬೀಡಿ ಹಚ್ಚಿಕೊಂಡು ಕೆಳಗಿಳಿದು ಬಂದ. ಮಾದೇಶ್ ಗರಸಿನ ಮೇಲೆ ಕೂತಿದ್ದ.

"ಮೇಷ್ಟ್ರೇ, ನನ್ನ ಗಾಡಿ ಏರು ಹತ್ತುವಾಗ ನಾ ಎಲ್ಲಿ ಕೂತ್ಕತೀನಿ, ನೋಡಿದ್ದೀರಾ?"

"ಮೂಕಿ ಮೇಲೆ. ಎತ್ತಿನ ಬೆನ್ನ ಹತ್ತಿರ."

"ಯಾಕೆ?"

"ಹಿಂದೆ ಕೂತರೆ ಮೂಕಿ ಏಳುತ್ತೆ, ನೊಗ ಎತ್ತಿನ ಹೆಗಲು ಬಿಡುತ್ತೆ."

"ಎಳೆಯೋದು ಎಲ್ಲಿದ್ದದೋ ಅಲ್ಲಿ ಭಾರ ಇರ್ಬೇಕು. ನಿಮ್ಮದ್ರಲ್ಲಿ ಎಳೆಯೋದು ಹಿಂದ್ಲು ಗಾಲಿ. ನೀವು ಏರು ಬಂದೇಟ್ಗೆ ಸೀಟು ಬುಟ್ಟು ಎದ್ದು ಮುಂದಕ್ಕೆ ಬಗ್ತೀರಿ. ಪಾಪ, ಅದು ಯಾವ ಭಾರ ಇಟ್ಕಂಡು ನೆಲ ಕಚ್ಚೀತು?"

ಮಾದೇಶ್ ಎದ್ದು ಸೈಕಲ್ಲಿನ ಹಿಂಚಕ್ರ ನೋಡಿದ. ಒಂಬತ್ತನೇ ಕ್ಲಾಸಿಗೆ ಏಳು ವರ್ಷ ಘರ್ಷಣೆಯ ಪಾಠ ಮಾಡಿದ್ದ. ಇಳಿಜಾರಿನ ಮೇಲೆ ಮರದ ತುಂಡು, ಅದು ನೆಲವನ್ನು ಒತ್ತಿದಷ್ಟು ಹಿಡಿತ. ಬೋರ್ಡಿನ ಆ ಮರದ ತುಂಡಿನ ಮೇಲೆ ಯಾರೂ ಎದ್ದು ನಿಂತಿರಲಿಲ್ಲ.

ಅವನು ಸೈಕಲ್ ಕಲಿತದ್ದು ಅಪ್ಪನ ಕಪ್ಪು ಸೈಕಲ್ಲಿನಲ್ಲಿ. ಸೀಟು ಎದೆಯ ಮಟ್ಟಕ್ಕಿತ್ತು. ಬಾರಿನ ಕೆಳಗೆ ಕಾಲು ತೂರಿಸಿ, ಸೊಂಟ ತಿರುಚಿ, ನಿಂತೇ ತುಳಿಯಬೇಕಿತ್ತು. ಊರಿನ ಎಲ್ಲ ಹುಡುಗರೂ ಹಾಗೆಯೇ ಕಲಿತವರು. ಆಮೇಲೆ ಕಾಲು ಎಟುಕಿದರೂ ಏರು ಕಂಡೊಡನೆ ಮೈ ತಾನಾಗಿ ಏಳುತ್ತಿತ್ತು. ನಾಲ್ಕು ಸೈಕಲ್ ಬದಲಾದರೂ ಆ ಏಳುವುದು ಬದಲಾಗಿರಲಿಲ್ಲ.

ಕೂತೇ ತುಳಿಯುವೆನೆಂದು ಹೊರಟ. ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೊರಳಿತು. ಎಂಬತ್ತು ಮೀಟರ್ ದಾಟುವಷ್ಟರಲ್ಲಿ ತೊಡೆ ಉರಿಯಿತು, ಸೊಂಟ ಮೇಲಕ್ಕೆದ್ದಿತು, ಟೈರು ಜಾರಿತು. ಹಳೆಯ ಎರಡನೇ ಸೈಕಲ್ಲಿಗಿಂತ ಕಡಿಮೆ. ಗಂಟೆ ಏಳೂ ಇಪ್ಪತ್ತೈದು. ಕಾಡಿನ ಕಡೆಯಿಂದ ಮೋಡ ಕವಿಯುತ್ತಿತ್ತು. ಒಂದು ಹದ ಮಳೆ ಬಿದ್ದರೆ ಗರಸೆಲ್ಲ ಬೆಣ್ಣೆ.

ಬುಡಕ್ಕೆ ಬಂದು ಅತಿ ಸಣ್ಣ ಗೇರಿಗೆ ಹಾಕಿದ. ಸೀಟಿನ ಹಿಂತುದಿಗೆ ಸರಿದು, ಮುಂಚಕ್ರ ಹೊರಳದಂತೆ ಮೊಣಕೈ ಮಡಚಿ ಎದೆ ತಗ್ಗಿಸಿದ. ಹಿಂದೆ ಗುರುತಿಗೆಂದು ಅವನೇ ಸುಣ್ಣ ಹಚ್ಚಿದ್ದ ಎಪ್ಪತ್ತೊಂದರ ಕಲ್ಲು ಹೋಯಿತು. ತೊಂಬತ್ತರಲ್ಲಿ ಸೊಂಟ ಮತ್ತೆ ಮಿಸುಕಿತು. ದಾರಿಯ ಅಂಚಿನಲ್ಲಿ ಜೊತೆಜೊತೆಗೆ ನಡೆಯುತ್ತಿದ್ದ ದೊಡ್ಡಮಾದಯ್ಯ ಎತ್ತಿಗೆ ಹೇಳುವ ದನಿಯಲ್ಲೇ, "ಕುಂಡಿ ಇಳ್ಸಿ ಮೇಷ್ಟ್ರೇ, ಕುಂಡಿ ಇಳ್ಸಿ" ಅಂದ. ಇಳಿಸಿದ. ನೂರ ನಾಲ್ಕು. ಕಣ್ಣಿಗೆ ಬೆವರು. ನೂರ ಐವತ್ತೆರಡರ ಸಡಿಲ ಗರಸಿನಲ್ಲಿ ಹಿಂಚಕ್ರ ಒಮ್ಮೆ ಕರ್ರೆಂದು ಅರೆದು, ಕಚ್ಚಿಕೊಂಡಿತು. ಅಲ್ಲಿಂದಾಚೆ ಅವನು ಸೈಕಲ್ ಮೇಲೆ ಕೂತು ಎಂದೂ ನೋಡಿರದ ದಾರಿ. ಬದಿಯ ಲಾಂಟಾನ ಕೂಡ ಹೊಸದಾಗಿ ಕಂಡಿತು.

ತಲೆದಿಣ್ಣೆಯಲ್ಲಿ ನಿಂತಿದ್ದ ಗಾಡಿ ಎದುರಾಯಿತು. ಅದನ್ನು ಬಳಸಿ ಮುಂದಕ್ಕೆ ಹೋದ. ಏರು ಮುಗಿದಿತ್ತು, ಆದರೆ ಹತ್ತಿದ ಮೇಲೆ ಏನು ಮಾಡಬೇಕೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲವಾದ್ದರಿಂದ ಕಾಲು ನಿಲ್ಲಲಿಲ್ಲ. ಗೊಬ್ಬರದ ಗುಡ್ಡೆಯ ಹತ್ತಿರ ಉಸಿರು ಪೂರಾ ತೀರಿ, ಎಡಗಾಲು ನೆಲ ಮುಟ್ಟಿತು.

ಅಲುಗಾಡದೆ ಆ ಕಾಲನ್ನು ಅಲ್ಲೇ ಇಟ್ಟು, ಜೇಬಿನಿಂದ ಟೇಪು ತೆಗೆದ. ಹತ್ತಿದ್ದನ್ನು ತಾನೇ ಕಣ್ಣಾರೆ ಕಂಡಿರುವಾಗ ಅಳೆಯುವುದೇಕೆ ಎಂದು ದೊಡ್ಡಮಾದಯ್ಯ ಗೊಣಗಿದ. ಗೊಣಗುತ್ತಲೇ ಟೇಪಿನ ತುದಿ ಹಿಡಿದು ಏರು ಮುಗಿದ ಜಾಗಕ್ಕೆ ನಡೆದ. ಮೊದಲ ಹನಿಗಳು ಬೀಳುತ್ತಿದ್ದವು. ಅಲ್ಲಿಂದ ಕಾಲಿಗೆ ಇಪ್ಪತ್ತೆಂಟು; ಏರಿನ ಬುಡದಿಂದ ಕಾಲೂರಿದ ಜಾಗಕ್ಕೆ ಇನ್ನೂರ ಹದಿನಾಲ್ಕು ಮೀಟರ್.