ಗಾಜಿನ ಮೇಲೆ ನಾಗದಾಳಿ

ಜೇನುನೊಣ ಮತ್ತೆ ಬಂತು, ಲಿರಾಜ್‌ಳ ತಲೆಯ ಸುತ್ತ ಒಂದು ಸುತ್ತು ಹಾಕಿ, ಮುತ್ತಿನ ಸಾಲಿನ ಮೇಲೆ ಇಳಿದು, ಇದು ಹೂವಲ್ಲ ಅಂತ ಎದ್ದು, ಪಕ್ಕದ ಕೆಂಪು ಹೂವಿಗೆ ಹೋಗಿ ಕೂತಿತು, ಇಷ್ಟು ಚಿಕ್ಕ ಜೀವಕ್ಕೆ ಗೊತ್ತಾಗುತ್ತದೆ ಯಾವುದು ಹೂವು ಯಾವುದು ಅಲ್ಲ ಅಂತ, ನನಗೆ ಜನವರಿಯಿಂದ ಗೊತ್ತಾಗುತ್ತಿಲ್ಲ — ಅಂಗಳದ ಬೇಲಿಯ ಆಚೆ ಕಿತ್ತಳೆ ತೋಟ ಹೂ ಬಿಟ್ಟಿದೆಯಂತೆ, ಬಂದವರೆಲ್ಲ ಗೇಟಿನ ಹತ್ತಿರ ಒಂದು ಗಳಿಗೆ ಮಾಸ್ಕ್ ಕೆಳಗೆಳೆದು ಆಹಾ ಎನ್ನುತ್ತಾರೆ, ನಾನೂ ಆಹಾ ಎಂದೆ, ಮಾಸ್ಕಿನ ಒಳಗೆ ಹೇಳಿದ ಸುಳ್ಳು ಯಾರಿಗೂ ಕಾಣುವುದಿಲ್ಲ, ಈ ವರ್ಷ ನನ್ನಂಥವರಿಗೆ ಅದೊಂದು ಅನುಕೂಲ, ಅರ್ಧ ಮುಖ ಮುಚ್ಚಿದರೆ ಮಾತಾಡದೆ ಇರುವುದು ತಪ್ಪಾಗಿ ಕಾಣುವುದಿಲ್ಲ. ಅಲ್ಲಾಡಬೇಡ ಲಿರಾಜ್, ಎಂದು ಅವಳ ಕಿವಿಯ ಹತ್ತಿರ ಹೇಳುತ್ತೇನೆ, ಅಲ್ಲಾಡ್ತಿಲ್ಲ ಕಣೇ, ಇಷ್ಟು ಭಾರ ಹೊತ್ಕೊಂಡು ಯಾರಾದ್ರೂ ಅಲ್ಲಾಡೋಕಾಗುತ್ತಾ, ಅಂತಾಳೆ, ನನ್ನ ಚಿಕ್ಕಮ್ಮ ಗೆಯೂಲಾಳ ಮಗಳು, ಒಂದು ವರ್ಷದಿಂದ ಮದುಮಗಳು, ಮೂರು ಸಲ ದಿನ ಗೊತ್ತಾಗಿ ಮೂರು ಸಲ ತಪ್ಪಿದ ಮದರಂಗಿ ಶಾಸ್ತ್ರ ಇವತ್ತು, ಪುರೀಮ್ ಹಬ್ಬ ಮುಗಿದು ಪೆಸಾಹ್ ಇನ್ನೂ ಬಾರದ ಈ ಬಿಸಿಲಲ್ಲಿ, ಮತ್ತು ಗೋಡೆಯ ಪಕ್ಕ, ನಿಂಬೆ ಮರದ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ರುಮಿಯಾ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬೇರೆ ಯಾರದೋ ಕೈಗಳನ್ನು ಕಾಯುತ್ತಿರುವಂತೆ.

ಆ ಕೈಗಳು ಯೆಮೆನ್‌ನಿಂದ ಬಂದು ನಮ್ಮೂರಲ್ಲಿ ನೆಲೆಸಿದ ಯೆಹೂದಿ ಮನೆತನಗಳ ಅರ್ಧದಷ್ಟು ಹೆಣ್ಣುಮಕ್ಕಳನ್ನು ಸಿಂಗರಿಸಿವೆ, ಐವತ್ತು ವರ್ಷ, ರುಮಿಯಾ ಬಂದರೇ ಮದರಂಗಿ ಎನ್ನುತ್ತಾರೆ ಇಲ್ಲಿ, ಜರಿಯ ನಿಲುವಂಗಿ, ಬೆಳ್ಳಿಯ ಸರಗಳು, ಹವಳ, ಕೊನೆಗೆ ಗೋಪುರದ ಹಾಗೆ ಏಳುವ ಈ ಮುತ್ತಿನ ಮುಡಿ, ಹದಿನಾರಕ್ಕೆ ಶಾಲೆ ಬಿಟ್ಟಾಗಿನಿಂದ ನಾನು ಅವಳ ಹಿಂದೆ ಪೆಟ್ಟಿಗೆ ಹೊತ್ತು ನಡೆದೆ — ಶಾಲೆಯಲ್ಲಿ ಟೀಚರ್ ನಿಂತು ಓದು ಎಂದರೆ ನನ್ನ ದನಿ ಎಲ್ಲೋ ಬಾವಿಯ ತಳಕ್ಕೆ ಹೋಗಿಬಿಡುತ್ತಿತ್ತು, ಅವರು ಕಾಯುತ್ತಿದ್ದರು, ಮೂವತ್ತು ಜನ ಕಾಯುತ್ತಿದ್ದರು, ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ, ಬಿಡಿ, ಅವಳ ಕಣ್ಣು ಕಲಿಯುತ್ತೆ, ಬಾಯಿ ಆಮೇಲೆ ಬರುತ್ತೆ, ಎಂದಿದ್ದಳು ಅಜ್ಜಿ. ಕಣ್ಣು ಕಲಿಯಿತು. ಮುಡಿಯ ಪಟ್ಟಿ ಕಿವಿಯ ಹಿಂದಿನ ಮೂಳೆಯ ಮೇಲೆ ಕೂರಬೇಕು, ಚರ್ಮದ ಮೇಲೆ ಕೂತರೆ ಅರ್ಧ ಗಂಟೆಗೆ ಹುಡುಗಿ ಅಳುತ್ತಾಳೆ, ಗಂಟು ಎಡಕ್ಕೆ, ಹೂವು ಕೆಳಗಿನಿಂದ ಮೇಲಕ್ಕೆ, ಎಲ್ಲ ಮುಗಿದ ಮೇಲೆ ನಾಗದಾಳಿ ಗಿಡದ ಒಂದು ಕುಡಿ, ಕಣ್ಣು ತಾಗದಿರಲು. ಅದಕ್ಕೊಂದು ಕ್ರಮವಿದೆ: ಸಿಂಗರಿಸಿದವಳು ಕುಡಿಯನ್ನು ಬೆರಳಲ್ಲಿ ಹೊಸಕಿ, ಮೂಸಿ, ಪರಿಮಳದ ಗಿಡಗಳನ್ನು ಹುಟ್ಟಿಸಿದವನಿಗೆ ಸ್ತುತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಎಲ್ಲರೂ ಆಮೆನ್ ಎನ್ನಬೇಕು, ಆಗ ಮುಡಿಗೆ ಸಿಕ್ಕಿಸಬೇಕು. ಮೂಸದೆ ಹೇಳಬಾರದು, ವಾಸನೆ ಬಾರದವರು ಹೇಳಬಾರದು, ಹೇಳಿದರೆ ದೇವರ ಹೆಸರನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡಂತೆ, ಇದನ್ನೂ ಅಜ್ಜಿಯೇ ಕಲಿಸಿದ್ದು, ಆಗ ನನಗೆ ನಗು ಬಂದಿತ್ತು, ವಾಸನೆ ಬಾರದವರು ಯಾರಿರುತ್ತಾರೆ ಅಜ್ಜಿ? ಈಗ ಕುಡಿ ತಟ್ಟೆಯಲ್ಲಿದೆ, ನೀಲಿ ಬೆರೆತ ಹಸಿರು, ಇನ್ನು ನಾಲ್ಕು ಹೂವು, ಆಮೇಲೆ ಅದು. ಕಣ್ಣಿಗೆ ಅದು ನಾಗದಾಳಿ, ಮೂಗಿಗೆ ಅದು ಕಾಗದ.

ಒಂದು ಹೂವು. ಮೊದಲ ಸಲ ತಪ್ಪಿದ್ದು ಹೋದ ವರ್ಷ ಇದೇ ದಿನಗಳಲ್ಲಿ, ಹೂವು ಬಂದಾಗಿತ್ತು, ಬಕೆಟ್ಟುಗಳಲ್ಲಿ ನಿಂತಿದ್ದವು, ರೇಡಿಯೋದಲ್ಲಿ ಸಂಖ್ಯೆ ಹೇಳುತ್ತಿದ್ದರು, ನೂರು ಜನ ಸೇರಬಾರದು, ಮರುದಿನ ಹತ್ತು, ಆಮೇಲೆ ಮನೆಯಿಂದ ನೂರು ಮೀಟರ್ ದಾಟಬಾರದು, ಅಜ್ಜಿಯ ಮನೆ ಎಷ್ಟಾಗುತ್ತೆ ಎಂದು ನಾನು ಹೆಜ್ಜೆ ಎಣಿಸಿದೆ, ನೂರ ನಲವತ್ತು ಹೆಜ್ಜೆ, ನನ್ನವು ಚಿಕ್ಕ ಹೆಜ್ಜೆ, ಅದು ನೂರು ಮೀಟರೇ ಎಂದು ನಾನೇ ತೀರ್ಮಾನಿಸಿದೆ, ದಿನಾ ಸಂಜೆ ಹೋಗಿ ಅವಳ ಕಿಟಕಿಯ ಹೊರಗೆ ನಿಂತೆ, ಕಿಟಕಿ ತೆಗೆಯಬೇಡ ಎಂದು ಗೆಯೂಲಾ ಚಿಕ್ಕಮ್ಮ ಹೆದರಿಸಿದ್ದಳು, ಅಜ್ಜಿ ಗಾಜಿನ ಒಳಗಿನಿಂದ ಮಾತಾಡಿದರೆ ಮೀನಿನ ಹಾಗೆ ಬಾಯಿ ಮಾತ್ರ ಆಡುತ್ತಿತ್ತು, ಆದರೂ ನನಗೆ ಒಂದು ಮಾತು ಗೊತ್ತಾಗುತ್ತಿತ್ತು, ನಿನ್ನ ಪೀಡೆ ನನಗಿರಲಿ, ಅದನ್ನು ಅವಳು ಎಲ್ಲರಿಗೂ ಹೇಳುತ್ತಾಳೆ, ಬಸ್ ಡ್ರೈವರ್‌ಗೆ, ತರಕಾರಿಯವನಿಗೆ, ಬೀದಿ ಬೆಕ್ಕಿಗೆ, ನಮ್ಮಲ್ಲಿ ಎಲ್ಲ ಅಜ್ಜಿಯರೂ ಹೇಳುತ್ತಾರೆ, ಉಸಿರಿನ ಹಾಗೆ, ಯಾರೂ ಅದರ ಅರ್ಥ ಯೋಚಿಸುವುದಿಲ್ಲ. ಪೆಸಾಹ್ ಸಂಜೆ ಅವಳು ಒಬ್ಬಳೇ ನಾಲ್ಕು ತಟ್ಟೆ ಹಾಕಿಕೊಂಡು ಕೂತಿದ್ದಳು, ನಾನು ಹೊರಗೆ ನಿಂತಿದ್ದೆ, ಕುಂಡದಿಂದ ಒಂದು ನಾಗದಾಳಿ ಕುಡಿ ಚಿವುಟಿ ತಂದು ಒಳಗಿನಿಂದ ಗಾಜಿಗೆ ಒತ್ತಿದಳು, ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ, ಹೆಬ್ಬೆರಳಿನಿಂದ ಹೊಸಕಿ ಒತ್ತಿದಳು, ರಸ ಗಾಜಿನ ಮೇಲೆ ಹಸಿರಾಗಿ ಇಳಿಯಿತು, ಗಾಜು ಮುಚ್ಚಿತ್ತು, ಆದರೂ ನನಗೆ ವಾಸನೆ ಬಂತು, ಬಂದೇ ಬಂತು, ಆಗ ಬರುತ್ತಿತ್ತು.

ಎರಡನೆಯ ಹೂವು, ಸೆಪ್ಟೆಂಬರ್, ನಮ್ಮ ಹೊಸ ವರ್ಷದ ಹಬ್ಬಕ್ಕೆ ಸರಿಯಾಗಿ ಮತ್ತೆ ಬಾಗಿಲು ಮುಚ್ಚಿದರು, ಲಿರಾಜ್ ಫೋನಿನಲ್ಲಿ ಅತ್ತು, ಆಮೇಲೆ ನಕ್ಕು, ನಾನು ಅಜ್ಜಿಯಾದ್ಮೇಲೆ ಮದುವೆ ಆಗ್ತೀನಿ ಬಿಡೇ, ಎಂದಳು. ಮೂರನೆಯ ಹೂವು ಬೆರಳಿನಿಂದ ಜಾರುತ್ತದೆ, ಜನವರಿ, ಅಂಗಳದಲ್ಲಿ ಹತ್ತೇ ಜನ, ಆದರೂ ಮಾಡೇ ಬಿಡೋಣ ಎಂದಳು ಚಿಕ್ಕಮ್ಮ, ಅಜ್ಜಿಗೆ ಮೊದಲ ಲಸಿಕೆ ಆಗಿತ್ತು, ಎರಡನೆಯದಕ್ಕೆ ಇನ್ನೂ ವಾರವಿತ್ತು, ಅವಳೇ ಫೋನ್ ಮಾಡಿದಳು, ಪೆಟ್ಟಿಗೆ ತಗೊಂಡು ಒಳಗೆ ಬಾರೇ, ಗಂಟು ಹಾಕೋದು ಕಲಿಸ್ತೀನಿ, ಬೇಡ ಅಜ್ಜಿ, ಬಾ ಅಂದೆನಲ್ಲಾ, ನನ್ನ ಕೈ ಮರೆಯೋದರೊಳಗೆ ಬಾ. ಯಾರ ಮನೆಗೂ ಯಾರೂ ಹೋಗಬಾರದು ಎಂದಿದ್ದರು. ಹೋದೆ. ಹತ್ತು ತಿಂಗಳ ಮೇಲೆ ಆ ಬಾಗಿಲ ಒಳಗೆ ಕಾಲಿಟ್ಟೆ, ಮಧ್ಯಾಹ್ನದ ಬಿಸಿಲು ಜಮಖಾನದ ಮೇಲೆ ಬಿದ್ದಿತ್ತು, ಮಾಸ್ಕ್ ತೆಗಿಯೇ, ಮುಖ ನೋಡದೆ ಏನಂತ ಕಲಿಸಲಿ, ಎಂದಳು, ತೆಗೆದೆ, ತೆಗೆದೆ, ನಾನೇ ನನ್ನ ಕೈಯಾರೆ ಕಿವಿಯಿಂದ ದಾರ ಬಿಡಿಸಿದೆ, ಅವಳು ಸ್ಟೂಲಿನ ಮೇಲೆ ಕೂತು ಮುಡಿಯನ್ನು ತನ್ನ ತಲೆಗೇ ಇಟ್ಟುಕೊಂಡಳು, ನನ್ನ ಮೇಲೆ ಕಟ್ಟಿ ಕಲಿ, ಎಪ್ಪತ್ತೆಂಟರ ಮದುಮಗಳು, ಮುತ್ತಿನ ಕೆಳಗೆ ಸುಕ್ಕಿನ ಮುಖ, ಕನ್ನಡಿ ಕೊಡು ಎಂದು ನೋಡಿಕೊಂಡು ನಕ್ಕಳು, ಈ ವಯಸ್ಸಿಗೆ ಯಾವನು ಬರ್ತಾನೋ ನೋಡೋಣ, ಎಂದಳು, ನಾನು ಅವಳ ಕಿವಿಯ ಹಿಂದೆ ಮೂಳೆ ಹುಡುಕುತ್ತಿದ್ದೆ, ಅಷ್ಟು ಹತ್ತಿರ, ನನ್ನ ಉಸಿರು ಅವಳ ಕತ್ತಿನ ಮೇಲೆ, ಗಂಟು ಕೂತಿತು, ಕೂತಿತು ನೋಡು, ನಿನ್ನ ಪೀಡೆ ನನಗಿರಲಿ, ಎಂದಳು — ಅದಕ್ಕೂ ಎರಡು ದಿನ ಮೊದಲು ನಾನು ಮುತ್ತು ಪೋಣಿಸುವ ದಾರ ತರಲು ಬಸ್ಸಿನಲ್ಲಿ ಪೆತಾಹ್ ತಿಕ್ವಾಗೆ ಹೋಗಿದ್ದೆ, ಹಿಂದಿನ ಸೀಟಿನಲ್ಲಿ ಒಬ್ಬ ಕೆಮ್ಮುತ್ತಿದ್ದ, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಸಾರು ಹೇಳಿಬಿಟ್ಟಿತು. ಶುಕ್ರವಾರದ ಸಾರು, ಮಾಡಿ ಅವಳ ಬಾಗಿಲ ಮುಂದೆ ಇಟ್ಟು ಬಂದಿದ್ದೆ, ಸ್ವಲ್ಪ ಹೊತ್ತಿಗೆ ಫೋನು, ಏನು ಹಾಕಿದೀಯೇ ಇದಕ್ಕೆ, ಅರಿಶಿನದ ಗದ್ದೆಯಲ್ಲಿ ಬಿದ್ದ ಹಾಗಿದೆ, ಜೀರಿಗೆ ಸುಟ್ಟು ಕರಿ ಮಾಡಿದೀಯಾ, ನಕ್ಕಳು, ನಾನೂ ನಕ್ಕೆ, ಆಮೇಲೆ ಅವಳು ನಗಲಿಲ್ಲ, ಹದಾಸ್, ಮಸಾಲೆ ಡಬ್ಬಿ ತೆಗಿ, ಮೂಸು. ತೆಗೆದೆ. ಏನೂ ಇರಲಿಲ್ಲ. ಡಬ್ಬಿ ತುಂಬಿತ್ತು, ಏನೂ ಇರಲಿಲ್ಲ, ಕಾಫಿ ತೆಗೆದೆ, ಸೋಪು, ವಿನಿಗರ್, ಮನೆಯೆಲ್ಲ ಯಾರೋ ಒರೆಸಿಟ್ಟ ಹಾಗೆ, ನನಗೆ ಹದಾಸ್ ಎಂದು ಪರಿಮಳದ ಗಿಡದ ಹೆಸರಿಟ್ಟವಳು ಅವಳೇ, ಫೋನಿನ ಆಚೆ ಉಸಿರು ಕೇಳುತ್ತಿತ್ತು, ಬಂತಾ ವಾಸನೆ ಎಂದು ಅವಳು ಕೇಳಲೇ ಇಲ್ಲ, ಬಾಗಿಲು ಹಾಕ್ಕೊಂಡು ಮಲಗು ಮಗಳೇ, ನನ್ನ ಚಿಂತೆ ಬೇಡ, ನನಗೆ ಅರ್ಧ ಲಸಿಕೆ ಆಗಿದೆ, ಅರ್ಧ ಮನುಷ್ಯಳಿಗೆ ಅಷ್ಟು ಸಾಕು, ಎಂದಳು. ಭಾನುವಾರ ಕೆಮ್ಮು. ಮಂಗಳವಾರ ಆಂಬುಲೆನ್ಸ್, ನನ್ನ ಕೋಣೆಯ ಕಿಟಕಿಯಿಂದ ಕಂಡಿತು, ಬಿಳಿ ಉಡುಪಿನವರು ಇಬ್ಬರು, ನಡುವೆ ಅವಳ ತಲೆವಸ್ತ್ರ, ಹದಿನೆಂಟು ದಿನ, ಮದರಂಗಿ ಮೂರನೆಯ ಸಲ ತಪ್ಪಿತು, ಯಾರೂ ನನ್ನನ್ನು ಏನೂ ಕೇಳಲಿಲ್ಲ, ಯಾಕೆಂದರೆ ನಾನು ಒಳಗೆ ಹೋಗಿದ್ದು ಯಾರಿಗೂ ಗೊತ್ತಿಲ್ಲ, ಎಲ್ಲಿಂದ ಬಂತೋ ಎನ್ನುತ್ತಿದ್ದಳು ಚಿಕ್ಕಮ್ಮ, ಕಿಟಕಿ ಸಹ ತೆಗೀತಿರಲಿಲ್ವಲ್ಲ, ಎಲ್ಲಿಂದ ಬಂತೋ. ನಾನು ಸುಮ್ಮನಿದ್ದೆ, ಸುಮ್ಮನಿರುವುದು ನನಗೆ ಮೊದಲಿನಿಂದ ರೂಢಿ. ಆಸ್ಪತ್ರೆಯ ನರ್ಸ್ ನಿದಾಲ್, ಪಕ್ಕದ ಅರಬರ ಊರು ಕಫ್ರ್ ಕಾಸಿಮ್‌ನವನು, ದಿನಾ ಅವಳ ಕಿವಿಗೆ ಫೋನ್ ಹಿಡಿಯುತ್ತಿದ್ದ, ನಿಮ್ಮಜ್ಜಿ ಅರಬಿ ಮಾತಾಡಿದ್ರೆ ನಮ್ಮ ಅಜ್ಜಿಗೇ ನಗು ಬರುತ್ತೆ, ಅಷ್ಟು ಹಳೇದು, ಎನ್ನುತ್ತಿದ್ದ, ಒಂದು ದಿನ ಮಾತ್ರ ನಗಲಿಲ್ಲ, ಇವತ್ತು ಮಾತಾಡೋದು ಬೇಡ, ಉಸಿರು ಸಾಲ್ತಿಲ್ಲ, ನೀವು ಮಾತಾಡಿ, ಅವರು ಕೇಳಿಸ್ಕೊಳ್ತಾರೆ, ಎಂದ. ನೀವು ಮಾತಾಡಿ. ಮೂವತ್ತು ಜನ ಕಾಯುತ್ತಿದ್ದಾರೆ, ಟೀಚರ್ ಕಾಯುತ್ತಿದ್ದಾರೆ, ಆ ಕಡೆ ಯಂತ್ರದ ಸದ್ದು, ಅಜ್ಜಿ, ಎಂದೆ, ಅಜ್ಜಿ ನಾನು, ಎಂದೆ, ಆಮೇಲೆ ಬರಲಿಲ್ಲ, ಕಣ್ಣು ಮುಚ್ಚಿದರೆ ಗಾಜು, ಗಾಜಿನ ಮೇಲೆ ಆ ಹಸಿರು ಕುಡಿ, ರಸ ಇಳಿಯುತ್ತಿದೆ, ವಾಸನೆ ಇಲ್ಲ.

ನಾಲ್ಕನೆಯ ಹೂವು ಮುಗಿಯಿತು. ಅವಳು ಬಂದಳಲ್ಲ, ಹದಿನೆಂಟು ದಿನಕ್ಕೆ ಬಂದಳು, ಕೋಲೂರಿ ಬಂದಳು, ಕೈ ಹೆಗಲಿನಿಂದ ಮೇಲೆ ಏಳುವುದಿಲ್ಲ ಅಷ್ಟೆ, ಇನ್ಮೇಲೆ ಹದಾಸ್ ಕಟ್ತಾಳೆ ಎಂದು ಊರಿಗೆಲ್ಲ ಹೇಳಿದಳು, ಆ ಮಧ್ಯಾಹ್ನದ ಮಾತು ಅವಳೂ ಎತ್ತಲಿಲ್ಲ ನಾನೂ ಎತ್ತಲಿಲ್ಲ — ಡೋಲು ನಿಂತಿತು, ತಗಡಿನ ಡಬ್ಬ ಬಡಿಯುತ್ತಿದ್ದ ಹೆಂಗಸೂ ನಿಲ್ಲಿಸಿದಳು, ಎಲ್ಲರಿಗೂ ಗೊತ್ತು ಈಗ ನಾಗದಾಳಿ ಎಂದು, ಮೂವತ್ತು ನಲವತ್ತು ಜೊತೆ ಕಣ್ಣು ಮಾಸ್ಕುಗಳ ಮೇಲೆ, ಬೇಗ ಹೇಳೇ ಹದಾಸ್, ಇನ್ನೊಂದು ಲಾಕ್‌ಡೌನ್ ಬರೋದರೊಳಗೆ ಹೇಳು, ಚಿಕ್ಕಮ್ಮ, ಎಲ್ಲರೂ ನಗುತ್ತಾರೆ, ಕುಡಿ ನನ್ನ ಬೆರಳಲ್ಲಿದೆ, ಹೊಸಕಿದೆ, ಒದ್ದೆ, ತಂಪು, ಮಾಸ್ಕ್ ಕೆಳಗೆಳೆದೆ, ಮೂಗಿಗೆ ಹಿಡಿದೆ, ಕಾಗದ, ಹೇಳಿಬಿಡಬಹುದು, ನಾಲ್ಕು ಮಾತು, ಯಾರಿಗೂ ತಿಳಿಯುವುದಿಲ್ಲ, ಎಲ್ಲಿಂದ ಬಂತೋ ಎನ್ನುವುದು ತಿಳಿಯದ ಹಾಗೆಯೇ ಇದೂ ತಿಳಿಯುವುದಿಲ್ಲ, ಒಂದರ ಮೇಲೊಂದು, ಆದರೆ ಲಿರಾಜ್‌ಳ ತಲೆಗೆ ಸುಳ್ಳನ್ನು ಹೇಗೆ ಸಿಕ್ಕಿಸಲಿ, ಒಂದು ವರ್ಷ ಕಾದ ತಲೆ, ಅಜ್ಜಿಯ ಕಡೆ ನೋಡಿದೆ, ಅವಳು ನೋಡುತ್ತಿದ್ದಳು, ಬಾವಿಯ ತಳದಿಂದ ಏನೋ ಮೇಲೆ ಬಂತು, ಹಗ್ಗ ಎಳೆದವರು ಯಾರೋ, ನನಗೆ ವಾಸನೆ ಬರಲ್ಲ, ಎಂದೆ, ಗಟ್ಟಿಯಾಗಿ, ಅಂಗಳದ ಆ ತುದಿಗೂ ಕೇಳುವಷ್ಟು, ಜನವರಿಯಿಂದ ಬರಲ್ಲ, ಅಜ್ಜಿಗೆ ಕಾಯಿಲೆ ಕೊಟ್ಟಿದ್ದು ನಾನು, ನಾನು ಒಳಗೆ ಹೋಗಿದ್ದೆ, ಮಾಸ್ಕ್ ತೆಗೆದಿದ್ದೆ.

ಜೇನುನೊಣದ ಸದ್ದು. ಏನಂದ್ಲು, ಏನಂದ್ಲು ಎಂದು ಹಿಂದಿನ ಕುರ್ಚಿಗಳು, ಆಗ ಅಜ್ಜಿಯ ಕೋಲು ನೆಲಕ್ಕೆ ಎರಡು ಸಲ, ನಾನೇ ಕರೆದದ್ದು, ನಾನೇ ಮಾಸ್ಕ್ ತೆಗಿ ಅಂದದ್ದು, ಎಂದಳು, ಐವತ್ತು ವರ್ಷದಿಂದ ಸಿಕ್ಕಸಿಕ್ಕವರಿಗೆಲ್ಲ ನಿನ್ನ ಪೀಡೆ ನನಗಿರಲಿ, ನಿನ್ನ ಪೀಡೆ ನನಗಿರಲಿ ಅಂತಿದ್ದೆ, ಕೊನೆಗೆ ಒಂದು ಸಲ ದೇವರಿಗೆ ಕೇಳಿಸ್ತು, ಅದಕ್ಕೆ ಈ ಹುಡುಗಿ ಏನು ಮಾಡ್ತಾಳೆ? ಬೆಕ್ಕಿನ ಪೀಡೆ ಬರಲಿಲ್ವಲ್ಲ, ಮೊಮ್ಮಗಳದ್ದು ಬಂತು, ಲಾಭವೇ ಆಯ್ತು. ಯಾರೋ ನಕ್ಕರು, ಯಾರೋ ಕಣ್ಣು ಒರೆಸಿಕೊಂಡರು, ಇನ್ನೊಂದು ಮಾತು ಹೇಳಿಬಿಡ್ತೀನಿ, ಎಂದಳು ಅಜ್ಜಿ, ನನಗೂ ಬರಲ್ಲ, ಆಸ್ಪತ್ರೆಯಿಂದ ಬಂದಾಗಿಂದ ಒಂದು ಈರುಳ್ಳಿ ವಾಸನೆ ಕೂಡ ಇಲ್ಲ, ಅಯ್ಯೋ ಅಮ್ಮ, ಎಂದಳು ಚಿಕ್ಕಮ್ಮ, ಮತ್ತೆ ದಿನಾ ನನ್ನ ಅಡುಗೆ ತಿಂದು ಹೊಗಳ್ತಿದ್ದೆಯಲ್ಲ, ಅದಕ್ಕೇ ಹೊಗಳ್ತಿದ್ದೆ ಕಣೇ ಗೆಯೂಲಾ, ಈಗ ಗೊತ್ತಾಯ್ತಾ, ಎಂದಳು ಅಜ್ಜಿ, ಅಂಗಳ ಪೂರ್ತಿ ನಗುತ್ತಿದೆ, ಒಂದು ವರ್ಷದ ನಗು, ಡಬ್ಬ ಒಮ್ಮೆ ತಾನಾಗಿಯೇ ಬಡಿದುಕೊಂಡಿತು, ಲಿರಾಜ್ ಅಷ್ಟು ಭಾರ ಹೊತ್ತು ಮೆಲ್ಲಗೆ, ಬಹಳ ಮೆಲ್ಲಗೆ ನನ್ನ ಕಡೆ ತಿರುಗಿದಳು, ಗಂಟು ಅಲುಗಲಿಲ್ಲ, ಮಾಸ್ಕ್ ಕೆಳಗೆಳೆದಳು, ಕೊಡೇ ಇಲ್ಲಿ, ನನ್ನ ಮೂಗು ಇನ್ನೂ ಹೊಸದಾಗೇ ಇದೆ, ಎಂದಳು, ನನ್ನ ಕೈಯನ್ನು ಕುಡಿಯ ಸಮೇತ ಹಿಡಿದು ಮುಖಕ್ಕೆ ತಂದುಕೊಂಡಳು, ಕಣ್ಣು ಮುಚ್ಚಿದಳು, ಉಸಿರೆಳೆದಳು, ಎಷ್ಟು ಹೊತ್ತು, ಒಂದು ವರ್ಷವನ್ನೆಲ್ಲ ಎಳೆದುಕೊಳ್ಳುವಷ್ಟು, ಪರಿಮಳದ ಗಿಡಗಳನ್ನು ಹುಟ್ಟಿಸಿದವನಿಗೆ ಸ್ತುತಿ, ಎಂದಳು, ಆಮೆನ್, ಎಂದಿತು ಅಂಗಳ, ಆಮೆನ್ ಎಂದಳು ಅಜ್ಜಿ, ಕೈ ಹೆಗಲವರೆಗೆ ಎತ್ತಿ, ಇನ್ನೂ ಒಂದು ಬೆರಳು ಮೇಲೆ ಎತ್ತಿ, ನಾನು ಕುಡಿಯನ್ನು ಮುತ್ತುಗಳ ನಡುವೆ ಸಿಕ್ಕಿಸಿದೆ, ಎಡಕ್ಕೆ, ಗಂಟಿನ ಮೇಲೆ, ಡೋಲು ಶುರುವಾಯಿತು, ಮಾಸ್ಕ್ ಮೇಲೆಳೆಯಲು ಬೆರಳನ್ನು ಮುಖಕ್ಕೆ ತಂದೆ, ರಸ ಅಂಟಿದ ಬೆರಳು, ಮತ್ತು ಏನೋ — ಇಲ್ಲ, ಏನೂ ಇಲ್ಲ — ಇದೆ, ಮೂಗಿನ ಬೇರಿನಲ್ಲಿ, ಕೂದಲೆಳೆಯಷ್ಟು, ಕಹಿ, ಸುಟ್ಟ ಹಾಗೆ, ಹಸಿ ಹಾಗೆ, ಹೋಯಿತು, ಮತ್ತೆ ಬೆರಳು ಹಿಡಿದೆ, ಉಸಿರು ಬಿಡದೆ ನಿಂತೆ, ನನ್ನ ಹಣೆಯ ಎತ್ತರಕ್ಕೆ ಅಜ್ಜಿಯ ಹೆಬ್ಬೆರಳು, ಹಸಿರು ರಸ ಇಳಿಯುತ್ತಿದೆ, ನಾಗದಾಳಿ, ಗಾಜಿನ ಮೇಲೆ ನಾಗದಾಳಿ, ನಾಗದಾಳಿ, ಗಾಜು ಇಲ್ಲ