ಗುರ್ಗೆನ್ ನಡೆದ ಗೆರೆ

“ಅತ್ತಿಗೆ, ಕೈ ತೆಗೀರಿ!” ಸೆರೋಬ್ ಗದರಿದ.

ಮಾನುಶಾಕ್ ತೆಗೆಯಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಗುರ್ಗೆನನ ಕೋಟಿನ ಜೇಬಿನಲ್ಲಿ ಫೋನಿಗಾಗಿ ತಡಕಾಡುತ್ತಿದ್ದಳು. ಬೆಳಿಗ್ಗೆ ಅದನ್ನು ಅಲ್ಲಿಟ್ಟವಳೂ ಅವಳೇ. ಊರಲ್ಲಿ ಸಿಗರೇಟು ಸೇದುವವನಿಗೆ ಸಿಗರೇಟು, ನಾರ್ದಿ ಆಡುವವನಿಗೆ ದಾಳ ಇಟ್ಟು ಕಳಿಸುತ್ತಾರೆ. ಈ ಮನುಷ್ಯನಿಗೆ ಇನ್ನೇನು ಇಡಬೇಕಿತ್ತು?

“ಸತ್ತೋರಿಗೆ ಕೊಟ್ಟಿದ್ದನ್ನ ವಾಪಸ್ ಕಿತ್ಕೊಂಡ್ರೆ ಮನೇಲಿ ಇನ್ನೊಂದು ಹೆಣ ಬೀಳುತ್ತೆ. ಮಗಳು ತುಂಬು ಬಸುರಿ, ಗೊತ್ತಲ್ವಾ?” ಮೈದುನ ಬಿಡಲಿಲ್ಲ.

ಮಾನುಶಾಕ್ ತಿರುಗಿ ಮಗಳ ಹೊಟ್ಟೆ ನೋಡಿದಳು. ಆದರೆ ಪಕ್ಕದಲ್ಲಿ ತಾಗುಹಿ ಅಳುಮೋರೆ ಮಾಡಿಕೊಂಡು ನಿಂತಿದ್ದಳು. ಆರ್ಮೇನಿಯದ ಉದ್ದಕ್ಕೂ ಹೋಗುವ ಕಾಲುದಾರಿಗೆ ಫೋನಿನ ನಕ್ಷೆ ಮಾಡುವ ನೆರೆಮನೆಯ ಹುಡುಗಿ ಅವಳು. ಗುರ್ಗೆನ್ ಫೋನು ಹಿಡಿದು ನಡೆದರೆ ಅದರಲ್ಲಿ ಗೆರೆ ಮೂಡುತ್ತಿತ್ತು. ಆ ಗೆರೆಯನ್ನು ನಕ್ಷೆಗೆ ಸೇರಿಸುವುದು ಅವಳ ಕೆಲಸ.

“ಅತ್ತೆ, ಬೆಟ್ಟ ನಡಿಯೋಕೆ ಬಂದೋರು ಇಬ್ರು ಘಟ್ಟದ ತುದೀಲಿ ಸಿಕ್ಕಾಕ್ಕೊಂಡಿದಾರೆ. ಹಿಮ ಸುರೀತಿದೆ. ಹಳೇ ದಾರಿ ಕುಸಿದುಹೋಗಿದೆ, ನಕ್ಷೆ ನಂಬಿ ಇಳಿದ್ರೆ ಸೀದಾ ಪ್ರಪಾತ. ಹೊಸ ದಾರಿ ಕಂಡ್ಕೊಂಡಿದ್ದು ಮಾವ ಒಬ್ರೇ, ಅದರ ಗೆರೆ ಈ ಫೋನಲ್ಲಿ ಮಾತ್ರ ಇದೆ. ಕಾಯಿರಿ ಅಂದಿದೀನಿ, ಎಷ್ಟೊತ್ತು ಅಂತ ಕಾಯ್ತಾರೆ?”

*

ಹಾಲಿನ ಲಾರಿ ಓಡಿಸುವುದು ಬಿಟ್ಟ ಮೇಲೆ ಗುರ್ಗೆನನಿಗೆ ಈ ಹುಚ್ಚು ಹಿಡಿದಿತ್ತು. ಕುರಿಯಿಲ್ಲ, ಕೋವಿಯಿಲ್ಲ, ಸುಮ್ಮನೆ ಬೆಟ್ಟ ಸುತ್ತುವವನನ್ನು ಕಂಡು ಊರು ನಗುತ್ತಿತ್ತು.

“ಕಳೆದ್ಹೋದ ಮೇಕೆ ಸಿಕ್ತೇನೋ ಗುರ್ಗೆನ್?”

“ಸಿಕ್ತು. ಅದರ ಹತ್ರಾನೇ ಮಾತಾಡ್ತಿದೀನಲ್ಲ!”

ಮೊನ್ನೆ ಬೆಟ್ಟದಿಂದ ಬಂದವನು ಸೀದಾ ಒಲೆಯ ಪಕ್ಕದ ಮಂಚಕ್ಕೆ ಒರಗಿದ. ಊಟಕ್ಕೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

*

ಫೋನು ಕೈಗೆ ಸಿಕ್ಕಿತು, ಆದರೆ ಚಾರ್ಜು ಪೂರಾ ಇಳಿದಿತ್ತು. ಗೋಡೆಗೆ ಸಿಕ್ಕಿಸಿ ಎಲ್ಲರೂ ಅದನ್ನೇ ನೋಡುತ್ತ ನಿಂತರು. ಹೊರಗೆ ಶವಯಾತ್ರೆಗೆ ದುದುಕ್ ಊದುವವರು ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದರು.

“ಹೆಣ ಕಾಯಿಸ್ಬಾರ್ದು,” ಸೆರೋಬ್ ಗೊಣಗಿದ.

“ಜನ್ಮವಿಡೀ ಇವ್ರಿಗೋಸ್ಕರ ಕಾದಿಲ್ವಾ ನಾನು? ಇವತ್ತು ಇವ್ರು ಸ್ವಲ್ಪ ಕಾಯ್ಲಿ!”

ಪರದೆ ಬೆಳಗಿತು. ಯಾವುದಕ್ಕೂ ಬೀಗ ಹಾಕಿ ಗೊತ್ತಿಲ್ಲದ ಮನುಷ್ಯ. ಫೋನು ತಟ್ಟನೆ ತೆರೆದುಕೊಂಡಿತು. “ಕತ್ತರಿಸಿ ಸರಿಮಾಡೋಕೆ ಪುರುಸೊತ್ತಿಲ್ಲ,” ಎಂದ ತಾಗುಹಿ ಇಡೀ ಗೆರೆಯನ್ನು ಹಾಗೆಯೇ ಆ ಇಬ್ಬರಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಮಾನುಶಾಕ್ ಫೋನನ್ನು ಮತ್ತೆ ಜೇಬಿಗಿಟ್ಟಳು. ಗಂಡಸರು ಪೆಟ್ಟಿಗೆಗೆ ಹೆಗಲು ಕೊಟ್ಟರು.

ಮಣ್ಣು ಹಾಕುವಾಗಲೂ ಅವಳ ಕಣ್ಣು ಒಮ್ಮೆ ಮಗಳ ಹೊಟ್ಟೆಯ ಮೇಲೆ, ಒಮ್ಮೆ ತಾಗುಹಿಯ ಮುಖದ ಮೇಲೆ. ಏನಾದರೂ ಬಂತಾ? ತಾಗುಹಿ ತಲೆಯಾಡಿಸುತ್ತಿದ್ದಳು, ಇಲ್ಲ. ನಾನೇ ಕೈಯಾರೆ ಕೇಡು ತಂದುಕೊಂಡೆನೇ, ಅದೂ ಯಾರಿಗೂ ಉಪಯೋಗಕ್ಕೆ ಬಾರದ ಹಾಗೆ?

ಸಂಜೆ ಮನೆಯಲ್ಲಿ ಬೇಯಿಸಿದ ಮಾಂಸದ ಖಶ್ಲಮಾ ಬಡಿಸುತ್ತಿದ್ದರು. ಆಗ ಅಂಗಳದಲ್ಲಿ ನಾಯಿ ಬೊಗಳಿತು. ಮೈಯೆಲ್ಲ ಹಿಮ ಮೆತ್ತಿಕೊಂಡ ಒಬ್ಬ ಹುಡುಗಿ, ಹಿಂದೆ ಒಬ್ಬ ಹುಡುಗ. ಕಣ್ಣು ಫೋನಿನ ಮೇಲೇ. ಬಾಗಿಲು ದಾಟಿ, ಕುಳಿತವರ ನಡುವೆ ಹಾದು, ಒಲೆಯ ತನಕ ಬಂದು, ಖಾಲಿ ಮಂಚದ ಮುಂದೆ ನಿಂತುಬಿಟ್ಟರು.

“ಗೆರೆ ಇಲ್ಲಿಗೇ ಮುಗಿಯುತ್ತೆ,” ಎಂದಳು ಹುಡುಗಿ, ಆಗಷ್ಟೇ ತಲೆಯೆತ್ತಿ. ಸುತ್ತ ಕಪ್ಪುಡುಗೆಯ ಜನರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. “ದಾರಿ ತಪ್ಪಿ ಬಂದ್ವಾ?”

“ಅಯ್ಯೋ ದೇವ್ರೇ,” ತಾಗುಹಿ ಬಾಯಿಗೆ ಕೈಯಿಟ್ಟಳು. “ಮಾವ ಮನೆಗೆ ಬಂದ್ಮೇಲೂ ಗೆರೆ ನಿಲ್ಲಿಸೋದೇ ಮರ್ತಿದ್ದಾರೆ!”

“ತಪ್ಪಿಲ್ಲ ಮಗಳೇ, ಸರಿಯಾಗೇ ಬಂದಿದೀಯ,” ಎಂದಳು ಮಾನುಶಾಕ್. ಇಬ್ಬರನ್ನೂ ಆ ಮಂಚದ ಮೇಲೆ ಕೂರಿಸಿದಳು. ತಾನು ನೆಲಕ್ಕೆ ಕುಳಿತು, ಹುಡುಗಿಯ ಬೂಟಿನ ಹೆಪ್ಪುಗಟ್ಟಿದ ಲೇಸು ಬಿಚ್ಚತೊಡಗಿದಳು.