ಬಾಯಿತುಂಬ ನೀರು

ಮಾವನ ಬಾಯಿಗೆ ಬೀಗ ಹಾಕುವುದು ಹೇಗೆ? ಆ ಬೆಳಿಗ್ಗೆ ಸೊಸೆಗಿದ್ದ ಚಿಂತೆ ಅದೊಂದೇ. ನೀರಿನ ಪಂಪ್‌ಹೌಸಿನಲ್ಲಿ ನಲವತ್ತು ವರ್ಷ ಮೇಸ್ತ್ರಿಯಾಗಿದ್ದವರು ಅವರು. ಪಂಪಿನ ಸದ್ದು ಕಿವಿಗೆ ಬಿದ್ದರೆ ಸಾಕು, ಅದರ ಜಾತಕವನ್ನೇ ಬಿಚ್ಚಿಡುತ್ತಿದ್ದರು. ಈವತ್ತು ಅಲ್ಲಿಯೇ ಅವಳು ತಯಾರಿಸಿದ, ಹೇಳಿಕೊಟ್ಟದ್ದನ್ನು ಕಲಿಯುವ ಯಂತ್ರಕ್ಕೆ ಪರೀಕ್ಷೆ. ಐದು ಪಂಪುಗಳ ಸದ್ದನ್ನಷ್ಟೇ ಕೇಳಿ, ಕೆಡಲಿರುವುದು ಯಾವುದೆಂದು ಅದು ಹೇಳಬೇಕು. ತಪ್ಪಿದರೆ ಅವಳ ಎರಡು ವರ್ಷದ ದುಡಿಮೆಗೆ ಎಳ್ಳುನೀರು ಬಿಟ್ಟಂತೆಯೇ.

ಯಂತ್ರಕ್ಕೆ ಕಲಿಸುವಾಗ ಮಾತ್ರ ಮಾವನ ಬಾಯಿಯೇ ಬಂಡವಾಳವಾಗಿತ್ತು. ಮೊದಮೊದಲು ಅವಳು ಸದ್ದು ಕೇಳಿಸಿ, ಇದು ಸರಿ, ಇದು ಕೆಟ್ಟದ್ದು ಎಂದಷ್ಟೇ ಹೇಳಿಕೊಡುತ್ತಿದ್ದಳು. ಯಂತ್ರ ಗಿಳಿಪಾಠ ಒಪ್ಪಿಸುತ್ತಿತ್ತು; ಹೊಸ ಪಂಪ್ ಎದುರಾದರೆ ಕಕ್ಕಾಬಿಕ್ಕಿ.

“ಯಾಕೆ ಕೆಟ್ಟಿದೆ ಅಂತ ಹೇಳ್ದೆ ಹೋದ್ರೆ ಪಾಪ ಅದಕ್ಕೆ ಹೇಗಮ್ಮ ತಿಳಿಬೇಕು?” ಎಂದು ಮಾವ ರೇಗಿದ್ದರು.

ಅಲ್ಲಿಂದ ಶುರುವಾಯಿತು. ಮಾವ ಪಂಪನ್ನು ಮುಟ್ಟಿ, ಮೂಸಿ, ಬಿಚ್ಚಿ ಗೊಣಗಿದ್ದನ್ನೆಲ್ಲ ಅವಳು ಬರೆದುಕೊಂಡು, ಆಯಾ ಸದ್ದಿನ ಜೊತೆಗೇ ಯಂತ್ರಕ್ಕೆ ಉಣಿಸಿದಳು. ಕಲಿಯುವಾಗಷ್ಟೇ ಈ ಸವಲತ್ತು. ಪರೀಕ್ಷೆಯಲ್ಲಿ ಬರೀ ಸದ್ದು.

“ಮಾವ, ನೀವು ಬಾಯ್ಬಿಟ್ರೆ ಪರೀಕ್ಷೆ ಮಾಡೋ ಅಧಿಕಾರಿ ಮೇಡಂ ನಿಮ್ಮನ್ನೇ ನಂಬ್ತಾರೆ. ಆಮೇಲೆ ನನ್ನ ಯಂತ್ರ ಯಾರಿಗೆ ಬೇಕು?”

“ನಾನೆಲ್ಲಿ ಮಾತಾಡ್ತೀನಿ?” ಎಂದವರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದರು. ಪಂಪ್‌ಹೌಸಿನ ಬಾಗಿಲಲ್ಲಿ ಸೊಸೆ ನೀರಿನ ಬಾಟಲಿ ಚಾಚಿದಳು. “ಬಾಯಿತುಂಬ ತಗೊಳ್ಳಿ. ನುಂಗಬೇಡಿ!”

ಯಂತ್ರ ಐದೂ ಪಂಪುಗಳ ಸದ್ದು ಕೇಳಿ, ಮೂರನೆಯದರ ಬೇರಿಂಗ್ ಕೆಡುತ್ತಿದೆ ಎಂದು ತೋರಿಸಿತು. ಮಾವನ ಹುಬ್ಬು ಗಂಟಿಕ್ಕಿತು. ಕೆನ್ನೆ ಉಬ್ಬಿಸಿಕೊಂಡೇ ಜೋರಾಗಿ ಅಡ್ಡಡ್ಡ ತಲೆಯಾಡಿಸಿ, ಇಲ್ಲ ಇಲ್ಲ ಎಂದು ಕೈಬೀಸಿದರು.

“ಏನ್ ಮೇಸ್ತ್ರೀ, ಚೆನ್ನಾಗಿದೆಯಾ ಅದು?” ಎಂದರು ಅಧಿಕಾರಿ ಮೇಡಂ.

ಮುಗೀತು ಕಥೆ ಎಂದುಕೊಂಡಳು ಸೊಸೆ. ಮಾವ ಅವಳ ಮುಖ ನೋಡಿದರು. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ನೀರನ್ನು ಬಾಯಲ್ಲೇ ಇಟ್ಟುಕೊಂಡು ಸುಮ್ಮನೆ ನಿಂತುಬಿಟ್ಟರು.

“ಸರಿ, ಬಿಚ್ಚಿ ನೋಡೋಣ,” ಎಂದರು ಮೇಡಂ.

ಬಿಚ್ಚಿದರೆ ಬೇರಿಂಗಿನ ಗುಂಡುಗಳ ಮೈತುಂಬ ಸಿಡುಬಿನ ಕಲೆಯಂಥ ಗುಳಿಗಳು! ಸೊಸೆಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಗುಟುಕ್ ಎಂದಿತು. ಮಾವ ನೀರು ನುಂಗಿದ್ದರು.

“ನಂಗೆ ಕೇಳಿಸ್ಲೇ ಇಲ್ಲಮ್ಮ,” ಎಂದರು ಸಣ್ಣ ದನಿಯಲ್ಲಿ. “ಕಿವಿ ಕೈಕೊಡ್ತು. ಮತ್ತೆ ಇದಕ್ಕೆ ಹೇಳಿಕೊಟ್ಟವರು ಯಾರು?”

ಅವಳು ಸರಸರ ನೋಟ್‌ಬುಕ್ ತಿರುವಿ, ಹೋದ ವರ್ಷದ ಒಂದು ಪುಟ ಹುಡುಕಿ ಓದಿದಳು: “ಕಿವಿಗೇನೂ ಇಲ್ಲ. ಅಂಗೈಗೆ ಮಾತ್ರ ಇರುವೆ ಹರಿದ ಹಾಗೆ. ಬೇರಿಂಗ್ ಬಿಚ್ಚು.” ಆಮೇಲೆ ಹೇಳಿದಳು, “ನಿಮ್ಮದೇ ಮಾತು, ಮಾವ. ನಿಮ್ಮ ಕೈಗೆ ತಿಳಿದಿದ್ದನ್ನ ಅದು ಸದ್ದಲ್ಲೇ ಹುಡುಕೋದು ಕಲ್ತಿದೆ.”

ಮಾವ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿದರು. ಮೆಲ್ಲಗೆ ಮುಖ ಅರಳಿತು.

“ಗುರುವಿಗೇ ತಿರುಮಂತ್ರ! ಭಲೇ ಕಳ್ಳ!” ಎಂದು ಯಂತ್ರದ ಬೆನ್ನು ತಟ್ಟಿ, ಪಂಪ್‌ಹೌಸ್ ಮೊಳಗುವಂತೆ ನಕ್ಕರು. “ಮೇಡಂ, ಇನ್ನು ಮಾತಾಡಬಹುದಾ?”

ಉತ್ತರಕ್ಕೆ ಕಾಯುವವರೇ ಅವರು? ಆಗಲೇ ನಾಲ್ಕನೆಯ ಪಂಪಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದರು.

“ಬರ್ಕೋ ಮಗಳೇ,” ಎಂದರು.